ನಡೆದು ಕರಗಿಸಿದ್ದನ್ನು ತಿನ್ನಬಹುದಾ? ವಾಚು 455 ಅನ್ನುತ್ತೆ, ತೂಕ ಮಾತ್ರ ಜಪ್ಪಯ್ಯ ಅಂದರೂ ಇಳಿಯದು

ಹಬ್ಬುವಾಡದವ (ಕಾರವಾರ)

ಎಲ್ಲರಿಗೂ ನಮಸ್ಕಾರ. ವಯಸ್ಸು 42, ಎತ್ತರ 170 ಸೆಂಟಿಮೀಟರ್, ತೂಕ 86 ಕಿಲೊ. ಕೆಲಸ ಕೌಂಟರಿನ ಹಿಂದೆ, ಕೂತಲ್ಲೇ. ದೀಪಾವಳಿಗೆ ತೆಗೆದ ಪ್ಯಾಂಟು ತಿಂಗಳೊಳಗೆ ಹುಕ್ಕು ಹಾಕಲು ಬಾರದಾದಾಗ ಮಗಳು ಫೋನಿಗೆ ಕ್ಯಾಲರಿ ಲೆಕ್ಕದ ಆ್ಯಪ್ ಹಾಕಿಕೊಟ್ಟಳು. ಭಾವ ಒಂದು ವಾಚು ಕೊಡಿಸಿದ. ಆ್ಯಪ್ ಹೇಳಿದ್ದು ದಿನಕ್ಕೆ 1,560 ಕ್ಯಾಲರಿ, ಅಷ್ಟರಲ್ಲೇ ಇದ್ದರೆ ವಾರಕ್ಕೆ ಅರ್ಧ ಕಿಲೊ ಇಳಿಯುತ್ತೆ ಅಂತ.

ವಾರಕ್ಕೆ 6 ದಿನ ಬೆಳಿಗ್ಗೆ ಆರಕ್ಕೆ ಮೊದಲೇ ಟ್ಯಾಗೋರ್ ಬೀಚಿನಲ್ಲಿರುತ್ತೇನೆ. ಯುದ್ಧನೌಕೆ ಮ್ಯೂಸಿಯಂ ಹತ್ತಿರ ಸ್ಕೂಟರ್ ನಿಲ್ಲಿಸಿ, ನೀರಿನ ಅಂಚು ಹಿಡಿದು ಕಾಳಿ ಅಳಿವೆ ದಿಕ್ಕಿಗೆ ಹೋಗಿ ವಾಪಸ್. 6 ಕಿಲೋಮೀಟರ್, 70 ನಿಮಿಷ. ಮುಗಿದಾಗ ವಾಚು 455 ಕ್ಯಾಲರಿ ತೋರಿಸುತ್ತೆ. ಅದು ತಾನಾಗಿಯೇ ಆ್ಯಪಿಗೆ ಹೋಗಿ, 1,560 ಇದ್ದದ್ದು ಹಸಿರು ಅಕ್ಷರದಲ್ಲಿ 2,015 ಆಗುತ್ತೆ. ಹಸಿರು ಕಂಡ ಮೇಲೆ ನಾನು ಸುಮ್ಮನೆ ಬಿಡುವವನಾ? ಬರುವ ದಾರಿಯಲ್ಲೇ ಹೋಟೆಲು. ಎರಡು ಬನ್ಸ್, ಭಾಜಿ, ಒಂದು ಚಾ. ತಿಂದದ್ದನ್ನು ಪ್ರಾಮಾಣಿಕವಾಗಿ ಬರೆಯುತ್ತೇನೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನಿನ ಹುಮ್ಮಣ. ರಾತ್ರಿ ಅನ್ನ ಕಮ್ಮಿ, ಬಂಗಡೆ ರವಾ ಫ್ರೈ. ಎಲ್ಲ ಸೇರಿ ದಿನಕ್ಕೆ ಎರಡು ಸಾವಿರದ ಆಚೆ ಹೋಗುವುದಿಲ್ಲ.

5 ವಾರ ಆಯ್ತು. 86.2 ಇದ್ದದ್ದು 86.0 ಆಯಿತು. ಮೊನ್ನೆ ನೋಡಿದರೆ 86.4!

ಜೊತೆಗೆ ನಡೆಯುವ ನಿವೃತ್ತ ಮಾಸ್ತರ್ರು ‘ಬೆವರಿದ್ದನ್ನು ತಿನ್ನಬಾರದು ಮಾರಾಯಾ’ ಅಂತಾರೆ. ಮಗಳು ‘ತಿನ್ನದೆ ಇದ್ದರೆ ಮೈ ಉಪವಾಸ ಅಂತ ಹೆದರಿ ಕೊಬ್ಬನ್ನು ಹಿಡಿದಿಟ್ಟುಕೊಳ್ಳುತ್ತೆ ಪಪ್ಪಾ’ ಅಂತಾಳೆ. ಯಾರದ್ದು ಸರಿ? ಮರಳಿನಲ್ಲಿ ನಡೆದರೆ ಜಾಸ್ತಿ ಕರಗುತ್ತಂತಲ್ಲ, ವಾಚಿಗೆ ಅದು ಗೊತ್ತಾಗುತ್ತಾ?

ಕರಿ ಇಶಾಡ (ಅಂಕೋಲೆ)

ಉತ್ತರ ಗೊತ್ತಿಲ್ಲ. ಹೋಟೆಲು ಯಾವುದು ಹೇಳಿ, ಮುಂದಿನ ವಾರ ಕಾರವಾರಕ್ಕೆ ಬರುವವನಿದ್ದೇನೆ.

ಶರಾವತಿ ದಂಡೆ (ಹೊನ್ನಾವರ)

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಡಾಕ್ಟರಲ್ಲ. 14 ಕಿಲೊ ಇಳಿಸಿದ್ದೇನೆ, ಅದರಲ್ಲಿ 4 ವಾಪಸ್ ಬಂದಿದೆ. ಅಷ್ಟು ಅರ್ಹತೆಯ ಮೇಲೆ ಬರೆಯುತ್ತಿದ್ದೇನೆ.

ಆ್ಯಪ್ ಶುರು ಮಾಡುವಾಗ ‘ನಿಮ್ಮ ಚಟುವಟಿಕೆ ಎಷ್ಟು’ ಅಂತ ಕೇಳಿರುತ್ತೆ. ನೀವು ಏನು ಒತ್ತಿದ್ದಿರಿ ಅಂತ ನೀವು ಹೇಳದೆಯೂ ಗೊತ್ತಾಯಿತು. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟು ಕಳೆದು, ಗಂಡಸರಿಗೆ 5 ಸೇರಿಸಬೇಕು. ಇದು 1990ರ ಮಿಫ್ಲಿನ್ ಸೂತ್ರ, ತುಂಬಾ ಆ್ಯಪುಗಳ ಹೊಟ್ಟೆಯಲ್ಲಿರುವುದು ಇದೇ. ನಿಮಗೆ 1,717 ಬರುತ್ತೆ, ಇಡೀ ದಿನ ಮಲಗಿದ್ದರೂ ಆಗುವ ಖರ್ಚು. ಕೂತು ಮಾಡುವ ಕೆಲಸಕ್ಕೆ ಅದರ 1.2 ಪಟ್ಟು, ಅಂದರೆ 2,060. ಅದರಲ್ಲಿ 500 ಕಳೆದರೆ ನಿಮ್ಮ 1,560. ಹಾಗಾಗಿ ನಡಿಗೆ ಇದರೊಳಗೆ ಸೇರಿಲ್ಲ, ಬೇರೆಯಾಗಿ ತಿನ್ನಲು ನಿಮಗೆ ಹಕ್ಕಿದೆ. ‘ಸಾಧಾರಣ ಚಟುವಟಿಕೆ’ ಅಂತ ಒತ್ತಿದವರಿಗೆ 1.55 ಪಟ್ಟು ಸಿಕ್ಕಿರುತ್ತೆ, ನಡಿಗೆ ಆಗಲೇ ಅದರಲ್ಲಿ ಬಂದಾಗಿರುತ್ತೆ. ಅವರು ಮತ್ತೆ ತಿಂದರೆ ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಎತ್ತಿದ ಹಾಗೆ. ನಾನು ಮೊದಲ ವರ್ಷ ಮಾಡಿದ್ದು ಅದನ್ನೇ.

ಹಕ್ಕಿದೆ ಅಂದೆ, 455ಕ್ಕೆ ಅಲ್ಲ. ಸಮತಟ್ಟಾದ ನೆಲದಲ್ಲಿ ನಿಮ್ಮ ವೇಗದ ನಡಿಗೆ ಸುಮ್ಮನೆ ಕೂತಿದ್ದಕ್ಕಿಂತ ಸುಮಾರು ಮೂರೂವರೆ ಪಟ್ಟು ಖರ್ಚಿನದು. ಕೂತಾಗ ಮೈತೂಕದ ಕಿಲೊಗೆ ಗಂಟೆಗೆ 1 ಕ್ಯಾಲರಿ ಅಂತ ಹಿಡಿದರೆ, 86 ಕಿಲೊ, 70 ನಿಮಿಷ, ಒಟ್ಟು 350 ಆಯಿತು. ಅದೇ 70 ನಿಮಿಷ ಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದರೂ 100 ಖರ್ಚಾಗುತ್ತಿತ್ತು, ಆ 100 ಆಗಲೇ 2,060ರೊಳಗೆ ಇದೆ. ಅದನ್ನು ಕಳೆಯಿರಿ. ನಡೆದದ್ದರಿಂದ ಹೊಸದಾಗಿ ಆದ ಖರ್ಚು 250. ವಾಚು ಇನ್ನೊಂದು 205 ತನ್ನ ಕೈಯಿಂದ ಹಾಕಿದೆ. ನಿಮ್ಮ ವಾಚನ್ನು ಮಾತ್ರ ಬಯ್ಯುವ ಹಾಗಿಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ವಾಚುಗಳನ್ನು 60 ಜನರಿಗೆ ಕಟ್ಟಿ ಅಳೆದರು. ಎದೆಬಡಿತ ಎಣಿಸುವುದರಲ್ಲಿ ಹೆಚ್ಚಿನವು ಪಾಸು. ಕ್ಯಾಲರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಸರಾಸರಿ ಶೇ 27ರಷ್ಟು ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು ಶೇ 93.

ಮರಳಿನ ವಿಷಯ ನಿಜವೇ. ಒಣ ಸಡಿಲ ಮರಳಿನಲ್ಲಿ ನಡೆದರೆ ಗಟ್ಟಿ ನೆಲದ ಎರಡು ಪಟ್ಟಿಗೂ ಜಾಸ್ತಿ ಖರ್ಚು ಅಂತ 1998ರಲ್ಲೇ ಅಳೆದಿದ್ದಾರೆ. ಆದರೆ ನೀವು ‘ನೀರಿನ ಅಂಚು ಹಿಡಿದು’ ಅಂತ ಬರೆದಿದ್ದೀರಿ. ಅಲೆ ಬಡಿದು ಗಟ್ಟಿಯಾದ ಒದ್ದೆ ಮರಳು ಹೆಚ್ಚುಕಡಿಮೆ ರಸ್ತೆಯೇ. ಬೇಕಿದ್ದರೆ ನಾಳೆ ಹೆಜ್ಜೆ ಎಷ್ಟು ಆಳ ಹುಗಿಯುತ್ತೆ ನೋಡಿ.

ಈಗ ಮಗಳ ಮಾತಿಗೆ ಬರುತ್ತೇನೆ. ಎರಡನೇ ಮಹಾಯುದ್ಧದ ಕೊನೆಗೆ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಪ್ರಯೋಗ ಮಾಡಿದರು. ದಿನಕ್ಕೆ 1,570 ಕ್ಯಾಲರಿ ಊಟ, ವಾರಕ್ಕೆ 22 ಮೈಲಿ, ಅಂದರೆ 35 ಕಿಲೋಮೀಟರ್ ಕಡ್ಡಾಯ ನಡಿಗೆ. ನಿಮ್ಮದು 1,560 ಮತ್ತು 36! ಓದಿದಾಗ ನನಗೇ ನಗು ಬಂತು. ಅವರು ಮೈತೂಕದ ಕಾಲು ಭಾಗ ಕಳೆದುಕೊಂಡರು. ಮೈ ಖರ್ಚು ಕಮ್ಮಿ ಮಾಡಿಕೊಂಡಿತು ಹೌದು, ಆದರೆ ಕೊಬ್ಬು ಹಿಡಿದಿಟ್ಟುಕೊಂಡು ತೂಕ ನಿಂತುಬಿಡಲಿಲ್ಲ.

ಇನ್ನೂ ಒಂದು ತಾಳೆ ಆಗುತ್ತಿಲ್ಲ. ದಿನಕ್ಕೆ 205ರಂತೆ 6 ದಿನ ಹೆಚ್ಚು ತಿಂದರೂ ವಾರದ ಕೊರತೆ 3,500ರಿಂದ 2,270ಕ್ಕೆ ಇಳಿಯಬೇಕು, ಸೊನ್ನೆಗಲ್ಲ. ಕೊಬ್ಬಿನ ಕಿಲೊಗೆ 7,700 ಅಂತ ಹಿಡಿದರೂ 5 ವಾರಕ್ಕೆ ಒಂದೂವರೆ ಕಿಲೊ ಹತ್ತಿರ ಹೋಗಬೇಕಿತ್ತು. ಹೋಗಿಲ್ಲ ಅಂದರೆ ಬರೆಯದೆ ಉಳಿದದ್ದು ಎಲ್ಲೋ ಇದೆ. ರವಾ ಫ್ರೈಗೆ ಕಾವಲಿಯಲ್ಲಿ ಎಣ್ಣೆ ಎಷ್ಟು ಸರ್? ಬಾಟಲಿ ಬಗ್ಗಿಸಿ ಸುರಿಯುವುದಲ್ವಾ? ಒಂದು ದೊಡ್ಡ ಚಮಚ ತೆಂಗಿನೆಣ್ಣೆಗೆ 120. ಹುಮ್ಮಣಕ್ಕೆ ರುಬ್ಬುವ ಕಾಯಿತುರಿ 100 ಗ್ರಾಂಗೆ 350. ಆ್ಯಪಿನಲ್ಲಿ ‘ಮೀನಿನ ಸಾರು, 1 ಬಟ್ಟಲು’ ಅಂತ ಇರುವುದನ್ನು ಯಾವ ಊರಿನವರು ಹಾಕಿದ್ದಾರೋ, ನಮ್ಮ ಕಡೆ ಕಾಯಿ ಹಾಕುವ ಕೈ ಅವರಿಗೆ ಗೊತ್ತಿಲ್ಲ.

ತೋಟದ ಮನೆ (ಶಿರಸಿ)

ಮೇಡಂ ಲೆಕ್ಕ ಚೊಕ್ಕ ಇದೆ. ಆದರೂ ನನ್ನದೊಂದು ತಕರಾರು. ನಡಿಗೆಯನ್ನು ಕೆಲಸ ಅಂತ ಎಣಿಸುವುದೇ ನನಗೆ ಸರಿ ಕಾಣುವುದಿಲ್ಲ.

ನಮ್ಮಲ್ಲಿ ಈಗ ಅಡಿಕೆ ಕೊನೆ ಕೊಯ್ಲು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಬೆಳಿಗ್ಗೆ ಬಂದರೆ ಮರದಿಂದ ಮರಕ್ಕೆ ದಾಟುತ್ತಾ ಮಧ್ಯಾಹ್ನದವರೆಗೆ ನೆಲ ಕಾಣುವುದಿಲ್ಲ. ಅವನಿಗೆ ಬೆಳಿಗ್ಗೆ ಜೋನಿ ಬೆಲ್ಲ ಹಾಕಿದ ತೆಳ್ಳೇವು (ತೆಳು ದೋಸೆ) ಏಳೆಂಟು, ಹತ್ತು ಗಂಟೆಗೆ ಕುಡಿಯಲು ಆಸ್ರಿಗೆ, ಮಧ್ಯಾಹ್ನ ಊಟದಲ್ಲಿ ಅನ್ನ ಮೂರು ಸಲ. ಹೊಟ್ಟೆ ಅನ್ನುವುದು ಇಲ್ಲವೇ ಇಲ್ಲ ಅವನಿಗೆ. ಒಂದು ವರ್ಷ ಮನೆಯಲ್ಲಿ ಏನೋ ತಾಪತ್ರಯವಾಗಿ ಖಾಲಿ ಹೊಟ್ಟೆಯಲ್ಲಿ ಬಂದಿದ್ದ. ಮೂರನೇ ಮರದಲ್ಲೇ ಕೈ ನಡುಗಿ, ಅಲ್ಲಿಯೇ ಮರ ತಬ್ಬಿ ನಿಂತ. ಕೆಳಗೆ ಹಗ್ಗ ಹಿಡಿದ ನನ್ನ ಜೀವ ಹೋಗಿತ್ತು. ಅಂಥವನಿಗೆ ‘ಕರಗಿಸಿದ್ದನ್ನು ತಿನ್ನಬೇಡ’ ಅನ್ನಲು ಬಾಯಿ ಬರುತ್ತಾ?

ನನ್ನ ಕಥೆ ಬೇರೆ. ಹಗ್ಗ ಹಿಡಿಯುವುದು, ಕೊನೆ ಎಣಿಸುವುದು, ರಾತ್ರಿ ಅಂಗಳದಲ್ಲಿ ಕೂತು ಅಡಿಕೆ ಸುಲಿಯುವುದು. ಸುಲಿಯುವುದೆಂದರೆ ಕೈ ಮಾತ್ರ ಅಲ್ಲಾಡುವುದು. ಆದರೆ ‘ಕೊಯ್ಲಿನ ಕೆಲಸ’ ಅಂತ ಹೇಳಿಕೊಂಡು ಕೊನೆಗೌಡನ ಪಂಕ್ತಿಯಲ್ಲೇ ತಿನ್ನುತ್ತೇನೆ. ಪ್ರತಿ ವರ್ಷ ಸುಗ್ಗಿ ಮುಗಿಯುವಾಗ ನನಗೆ 3 ಕಿಲೊ ಜಾಸ್ತಿ, ಅವನಿಗೆ 2 ಕಮ್ಮಿ. ಈ ವರ್ಷ ಉದ್ದ ಕೋಲಿನ ದೋಟಿ ತಂದಿದ್ದೇನೆ, ನೆಲದಲ್ಲೇ ನಿಂತು ಕೊಯ್ಯುವುದು. ಕುತ್ತಿಗೆ ನೋವು ಬಂತು, ತೂಕ ಇಳಿದಿಲ್ಲ.

ಶರಾವತಿ ದಂಡೆ

@ತೋಟದ ಮನೆ, ತಕರಾರು ಒಪ್ಪಿದೆ. ಅದಕ್ಕೆ ಒಂದು ಬಾಲ ಜೋಡಿಸುತ್ತೇನೆ. ಟಾಂಜಾನಿಯಾದ ಹಾಡ್ಜಾ ಜನರಲ್ಲಿ ಕೆಲವರು ಇಂದಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. 2012ರಲ್ಲಿ ಹರ್ಮನ್ ಪಾಂಟ್ಜರ್ ತಂಡ ಅವರ ದಿನದ ಖರ್ಚು ಅಳೆದಾಗ, ಮೈಗಾತ್ರಕ್ಕೆ ಹೊಂದಿಸಿ ನೋಡಿದರೆ, ಅಮೆರಿಕ ಯುರೋಪಿನ ಜನರಷ್ಟೇ ಬಂತು. ಒಂದು ಕಡೆ ಹೆಚ್ಚು ಖರ್ಚಾದರೆ ಮೈ ಇನ್ನೊಂದು ಕಡೆ ಹಿಡಿತ ಮಾಡುತ್ತೆ ಅನ್ನುವುದು ಅವರ ವಾದ. ಹಬ್ಬುವಾಡದವರೇ, ನಡೆದು ಬಂದ ದಿನ ಉಳಿದ ಹೊತ್ತು ಏನು ಮಾಡುತ್ತೀರಿ?

ಬಾಡದ ಓಟ (ಕುಮಟಾ)

ಎಲ್ಲರೂ ‘ತಿನ್ನಬೇಡಿ’ ಕಡೆಗೇ ವಾಲುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಓಡುವವಳು, 29 ವರ್ಷ. ಎರಡು ವರ್ಷದ ಹಿಂದೆ 58ರಿಂದ 54 ಕಿಲೊಗೆ ಬಂದೆ, ಇನ್ನೂ 4 ಇಳಿಯಲಿ ಅಂತ ಆಸೆ. ಆ್ಯಪ್ 1,200 ಕೊಟ್ಟಿತ್ತು. ವಾಚು ಸುಳ್ಳು ಹೇಳುತ್ತೆ ಅಂತ ನಿಮ್ಮ ಹಾಗೇ ಓದಿದ್ದೆ, ಅದಕ್ಕೆ ಓಡಿದ್ದನ್ನು ಒಂದು ಕ್ಯಾಲರಿಯೂ ತಿನ್ನಲಿಲ್ಲ.

ಓಟಕ್ಕೆ ಮೈತೂಕದ ಕಿಲೊಗೆ ಕಿಲೋಮೀಟರಿಗೆ ಸುಮಾರು 1 ಕ್ಯಾಲರಿ. ವಾರಕ್ಕೆ ನಾಲ್ಕು ದಿನ 12 ಕಿಲೋಮೀಟರ್ ಓಡುತ್ತಿದ್ದೆ, ಅಂದರೆ ಓಟಕ್ಕೇ 650. ಉಳಿದದ್ದು 550. ಅಷ್ಟರಲ್ಲಿ ಮೈ ಇಡೀ ದಿನ ನಡೆಯಬೇಕು! ಮೊದಲ ತಿಂಗಳು ಖುಷಿ. ಮೂರನೇ ತಿಂಗಳಿಗೆ ಬಾಚಣಿಗೆ ತುಂಬಾ ಕೂದಲು. ಏಪ್ರಿಲ್ ಸೆಕೆಯಲ್ಲಿ ಊರೆಲ್ಲ ಬೆವರುವಾಗ ನಾನು ಕಾಲುಚೀಲ ಹಾಕಿ ಮಲಗುತ್ತಿದ್ದೆ. ರಾತ್ರಿ ಫೋನಿನಲ್ಲಿ ಅಡುಗೆ ವಿಡಿಯೋ ನೋಡುವುದೇ ಕೆಲಸ, ಹಲಸಿನ ಕಡುಬು ಬೇಯುವುದನ್ನು ಐದಾರು ಸಲ ನೋಡಿದ್ದೇನೆ. ಆಮೇಲೆ ನಾಲ್ಕು ತಿಂಗಳು ಮುಟ್ಟು ಬರಲಿಲ್ಲ. ಮೊದಲು ತೋರಿಸಿದ ಕಡೆ ‘ಟೆನ್ಷನ್ ಇರಬೇಕು’ ಅಂದು ಮಾತ್ರೆ ಕೊಟ್ಟು ಕಳಿಸಿದರು. ಏನು ತಿನ್ನುತ್ತೀಯಾ ಅಂತ ಕೇಳಿದ್ದು ಎರಡನೇ ಡಾಕ್ಟರಮ್ಮ.

ಇದಕ್ಕೆ ಹೆಸರಿದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ‘ರೆಡ್-ಎಸ್’ ಅಂತ ಕರೆದಿದೆ. ವ್ಯಾಯಾಮದ ಖರ್ಚು ಕಳೆದ ಮೇಲೆ ಮೈಗೆ ಸಾಲುವಷ್ಟು ಉಳಿಯದೆ ಇರುವುದು. ಮೇಡಂ ಹೇಳಿದ ಮಿನೆಸೋಟಾ ಹುಡುಗರ ತೂಕ ಇಳಿಯಿತು ಸರಿ. ಅವರಿಗೂ ಚಳಿ, ಅವರಿಗೂ ಕೂದಲು ಉದುರಿತು, ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಆ ಅರ್ಧವನ್ನೂ ಬರೆಯಿರಿ ಮೇಡಂ.

ಈಗ ಓಡಿದ ದಿನ 500 ತಿನ್ನುತ್ತೇನೆ, ಓಟ ಮುಗಿದ ಕೂಡಲೇ, ಬಾಳೆಹಣ್ಣು ಅವಲಕ್ಕಿಯಿಂದ ಶುರು. ತೂಕ 57. 86 ಕಿಲೊ ಇದ್ದು ಬೀಚಿನಲ್ಲಿ ನಡೆಯುವವರಿಗೂ ನನಗೂ ಒಂದೇ ಉತ್ತರ ಹೇಗೆ ಆಗುತ್ತೆ?

ಶರಾವತಿ ದಂಡೆ

ತಪ್ಪಾಯಿತು ತಂಗಿ. ನೀನು ಹೇಳಿದ ಅರ್ಧ ನನಗೆ ಗೊತ್ತಿತ್ತು, ನನ್ನ ಲೆಕ್ಕಕ್ಕೆ ಬೇಕಾಗಲಿಲ್ಲ ಅಂತ ಬಿಟ್ಟೆ.

ಸಿಸ್ಟರ್ (ಭಟ್ಕಳ)

ಡ್ಯೂಟಿ ಮಧ್ಯೆ ಬರೆಯುತ್ತಿದ್ದೇನೆ, ಒಂದೇ ಮಾತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಥರದ ಮಾತ್ರೆ ತಗೊಳ್ಳುವವರು ಇದನ್ನು ಓದಿ ‘ನಡೆದದ್ದನ್ನು ತಿನ್ನುವುದಿಲ್ಲ’ ಅಂತ ಹಟ ಹಿಡಿಯಬೇಡಿ. ಸಕ್ಕರೆ ಇಳಿದು ದಾರಿಯಲ್ಲೇ ಬೀಳುತ್ತೀರಿ. ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ, ಊಟ, ಮಾತ್ರೆ, ನಡಿಗೆ ಮೂರನ್ನೂ ಡಾಕ್ಟರ್ ಹತ್ತಿರ ಒಟ್ಟಿಗೆ ಕೂತು ಹೊಂದಿಸಿಕೊಳ್ಳಿ.

ಹಬ್ಬುವಾಡದವ

ಮೂರು ವಾರ ಬಿಟ್ಟು ಬಂದೆ, ಕ್ಷಮಿಸಿ. ಹೇಳುವಷ್ಟು ವಿಷಯ ಆಗಲಿ ಅಂತ ಕಾದೆ.

ಎಣ್ಣೆಯಿಂದ ಶುರು. ಚಮಚದಲ್ಲಿ ಅಳೆದು ಹಾಕು ಅಂದದ್ದಕ್ಕೆ ಹೆಂಡತಿ ‘ಇದೇನು ಮಗುವಿಗೆ ಔಷಧ ಕುಡಿಸುವುದಾ?’ ಅಂದಳು. ಕೊನೆಗೆ ಅವಳು ಯಾವಾಗಲೂ ಹಾಕುವಷ್ಟನ್ನು ಮೊದಲು ಬಟ್ಟಲಿಗೆ ಸುರಿಸಿ, ನಾನು ಅದನ್ನು ಅಳೆದೆ. 7 ದೊಡ್ಡ ಚಮಚ. ತಿನ್ನುವವರು ಮೂವರು, ಮಗಳು ಒಂದು ಬಂಗಡೆಗೆ ಎದ್ದು ಹೋಗುತ್ತಾಳೆ, ಕಾವಲಿಯ ತಳದಲ್ಲಿ ಉಳಿದ ಕೆಂಪು ಎಣ್ಣೆಗೆ ಅನ್ನ ಹಾಕಿ ಕಲಸುವವನು ನಾನು. ಅದನ್ನು ಆ್ಯಪಿನಲ್ಲಿ ‘ಅನ್ನ, ಅರ್ಧ ಬಟ್ಟಲು’ ಅಂತ ಬರೆಯುತ್ತಿದ್ದೆ! ಮೇಡಂ, ನಡೆದು ಬಂದ ದಿನ ಏನು ಮಾಡುತ್ತೀರಿ ಅಂತ ಕೇಳಿದ್ದಿರಿ. ಮೊದಲು ಮೀನು ಪೇಟೆಗೆ ನಡೆದೇ ಹೋಗುತ್ತಿದ್ದವನು ಈಗ ‘ಬೆಳಿಗ್ಗೆ ನಡೆದಾಗಿದೆ’ ಅಂತ ಸ್ಕೂಟರ್ ತೆಗೆಯುತ್ತಿದ್ದೆ. ಕೇಳಿದ ಮೇಲೆಯೇ ಹೊಳೆದದ್ದು.

ವಾಚಿನ ಲೆಕ್ಕ ಆ್ಯಪಿಗೆ ಹೋಗದ ಹಾಗೆ ಮಗಳ ಕೈಯಲ್ಲೇ ತೆಗೆಸಿದೆ. ನಡೆದರೂ ನಡೆಯದಿದ್ದರೂ ದಿನಕ್ಕೆ 1,700, ಬರೆಯುವಾಗ ಎಣ್ಣೆ ಕಾಯಿ ಸೇರಿಸಿ. ಕಾವಲಿಗೆ ಈಗ 3 ಚಮಚ. ಬಂಗಡೆ ಸ್ವಲ್ಪ ಅಂಟುತ್ತೆ, ರುಚಿ ಮೊದಲಿನದಲ್ಲ, ಸುಳ್ಳು ಹೇಳುವುದಿಲ್ಲ. ಕುಮಟಾದ ತಂಗಿ ಬರೆದದ್ದನ್ನು ಮಗಳಿಗೆ ಓದಲು ಕೊಟ್ಟೆ. ಅವಳೂ ಗುಟ್ಟಾಗಿ ಅದೇ ಆ್ಯಪಿನಲ್ಲಿ 1,200 ಇಟ್ಟುಕೊಂಡಿದ್ದಳಂತೆ, 16 ವರ್ಷಕ್ಕೆ. ಅದನ್ನು ತೆಗೆಸಿದ್ದೇವೆ.

ಇವತ್ತು ಬೆಳಿಗ್ಗೆ 85.1.

ಬನ್ಸ್ ಒಂದಕ್ಕೆ ಇಳಿಸಿದ್ದೇನೆ. ಹೋಟೆಲಿನ ಹುಡುಗನಿಗೆ ಇನ್ನೂ ರೂಢಿಯಾಗಿಲ್ಲ, ಇವತ್ತೂ ಎರಡೇ ತಂದಿಟ್ಟ. ಒಂದನ್ನು ಮಾಸ್ತರ್ರ ತಟ್ಟೆಗೆ ದಾಟಿಸಿದೆ. ಬೆವರಿದ್ದನ್ನು ತಿನ್ನಬಾರದು ಅಂದವರು, ಭಾಜಿ ಇನ್ನೊಂದು ಸ್ವಲ್ಪ ಬೇಕು ಅಂದರು.