ಅಣುವೋ ಪರಮಾಣುವೋ: ಡಾಲ್ಟನ್ನನ ಕಾಲಕ್ಕೆ ಯಾವ ಪದ ಸರಿ?

ರಸಾಯನವಿಜ್ಞಾನದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವಾಗ ‘ಅಣು’, ‘ಪರಮಾಣು’ ಪದಗಳನ್ನು ಹೇಗೆ ಬಳಸಬೇಕೆಂಬ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಇಂದಿನ ಪಠ್ಯಪುಸ್ತಕಗಳ ಮಟ್ಟಿಗೆ ಗೊಂದಲವಿಲ್ಲ. ಧಾತುವಿನ ಕಣ ಪರಮಾಣು, ಪರಮಾಣುಗಳು ಕೂಡಿ ಆದದ್ದು ಅಣು. ತೊಡಕಿರುವುದು ಈ ವ್ಯತ್ಯಾಸವೇ ಇನ್ನೂ ನೆಲೆಗೊಳ್ಳದಿದ್ದ ಕಾಲದ ವಿಷಯದಲ್ಲಿ.

1808ರಲ್ಲಿ ಹೊರಬಂದ ಇಂಗ್ಲಿಷ್ ರಸಾಯನವಿಜ್ಞಾನಿ ಜಾನ್ ಡಾಲ್ಟನ್ನನ ಗ್ರಂಥದಲ್ಲಿ ನಡುವೆ ಚುಕ್ಕೆಯಿರುವ ವೃತ್ತ ಹೈಡ್ರೋಜನ್, ಬರಿಯ ವೃತ್ತ ಆಕ್ಸಿಜನ್, ಒಂದಕ್ಕೊಂದು ತಾಗಿಸಿ ಬರೆದ ಇವೆರಡರ ಜೋಡಿಯೇ ನೀರು. ಹೈಡ್ರೋಜನ್ನಿನ ತೂಕ 1, ಆಕ್ಸಿಜನ್ನಿನದು 7, ಆದ್ದರಿಂದ ನೀರಿನದು 8 ಎಂಬುದು ಅವನ ಲೆಕ್ಕ. ಆ ಜೋಡಿಯನ್ನೂ ಆತ ಪರಮಾಣುವೆಂದೇ, ‘ಸಂಯುಕ್ತ’ ಎಂಬ ವಿಶೇಷಣ ಸೇರಿಸಿ, ಕರೆದ. ಇದನ್ನು ‘ನೀರಿನ ಅಣು’ ಎಂದು ಬರೆದರೆ ಓದು ಸಲೀಸಾಗುತ್ತದೆ, ನಿಜ. ಆದರೆ ಒಂದೇ ಧಾತುವಿನ ಎರಡು ಪರಮಾಣುಗಳು ಜೊತೆಗೂಡಿರಬಹುದೆಂಬುದನ್ನೇ ಒಪ್ಪದಿದ್ದವನ ಬಾಯಲ್ಲಿ ನಮ್ಮ ಕಾಲದ ತಿಳಿವಳಿಕೆಯನ್ನು ಇಟ್ಟಂತಾಗುತ್ತದೆ. ಹಾಗಾಗಿ ‘ಸಂಯುಕ್ತ ಪರಮಾಣು’ ಎಂಬುದನ್ನೇ ಉಳಿಸಿಕೊಳ್ಳುವುದು ಲೇಸೆಂದು ನನಗೆ ತೋರುತ್ತದೆ.

ಇಟಲಿಯ ವಿಜ್ಞಾನಿ ಆವೊಗಾಡ್ರೊ ತಂದೊಡ್ಡುವ ಕಷ್ಟ ಇದಕ್ಕೆ ತದ್ವಿರುದ್ಧವಾದದ್ದು. 1811ರ ಪ್ರಬಂಧದಲ್ಲಿ ಆತ ‘ಆಟಂ’ (ಪರಮಾಣು) ಎಂಬ ಪದವನ್ನು ಬಳಸದೆ, ಎಲ್ಲ ಬಗೆಯ ಕಣಗಳಿಗೂ ‘ಮಾಲಿಕ್ಯೂಲ್’ (ಅಣು) ಎಂಬ ಒಂದೇ ಪದವನ್ನಿಟ್ಟುಕೊಂಡು, ಬೇರೆ ಬೇರೆ ವಿಶೇಷಣಗಳಿಂದ ಭೇದ ತೋರಿಸಿದ್ದಾನೆ. ಅಲ್ಲಿ ನಮ್ಮ ಪರಮಾಣುವಿಗೆ ‘ಮೂಲ ಅಣು’ ಎನ್ನಬೇಕಾಗುತ್ತದೆ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸೇರಿದ ರಸಾಯನವಿಜ್ಞಾನಿಗಳ ಮುಂದೆ ಇಟಲಿಯವನೇ ಆದ ಕ್ಯಾನಿಜ಼ಾರೊ ಒಂದೇ ಧಾತುವಿನ ಪರಮಾಣುಗಳೂ ಕೂಡಿ ಅಣುವಾಗಬಹುದೆಂಬ ಆವೊಗಾಡ್ರೊವಿನ ವಿಚಾರವನ್ನು ಮತ್ತೆ ಮಂಡಿಸಿದ ಮೇಲಿನ ಕಾಲಕ್ಕೆ ಪಠ್ಯಪುಸ್ತಕದ ಭೇದವನ್ನು ಅಷ್ಟೇನೂ ಅಳುಕಿಲ್ಲದೆ ಬಳಸಬಹುದು.

ಇನ್ನು ‘ಅಣುಬಾಂಬು’. 1938ರ ಕೊನೆಯಲ್ಲಿ ವಿಜ್ಞಾನಿಗಳಾದ ಹಾನ್ ಮತ್ತು ಸ್ಟ್ರಾಸ್‌ಮನ್ ಕಂಡ, ಮೈಟ್ನರ್ ಮತ್ತು ಫ್ರಿಶ್ ವಿವರಿಸಿದ ವಿದಳನ, ಎಂದರೆ ಒಡೆದು ಎರಡಾಗುವಿಕೆ, ನಡೆಯುವುದು ಯುರೇನಿಯಂ ಪರಮಾಣುವಿನ ನಡುವಿನ ತಿರುಳಾದ ನ್ಯೂಕ್ಲಿಯಸ್ಸಿನಲ್ಲಿ. ರಾಸಾಯನಿಕ ಅರ್ಥದ ಅಣುವಿಗೆ ಅಲ್ಲಿ ಕೆಲಸವೇ ಇಲ್ಲ. ಆದರೂ ಪತ್ರಿಕೆಗಳ ‘ಅಣುಶಕ್ತಿ’, ‘ಅಣುಬಾಂಬು’ಗಳನ್ನು ತಪ್ಪೆಂದು ತಿದ್ದಲು ನನಗೆ ಮನಸ್ಸಿಲ್ಲ, ಏಕೆಂದರೆ ‘ಅಣುರೇಣುತೃಣಕಾಷ್ಠ’ದಲ್ಲಿರುವ ‘ಅತಿ ಸಣ್ಣದು’ ಎಂಬ ಹಳೆಯ ಅರ್ಥ ಅವುಗಳಲ್ಲಿಯೂ ಉಳಿದಿದೆ. ಡಾಲ್ಟನ್ನನಿಂದ ವಿದಳನದವರೆಗೆ ಸಾಗುವ ಒಂದೇ ಲೇಖನದಲ್ಲಿ ‘ನೀರಿನ ಅಣು’, ‘ಅಣುಬಾಂಬು’ ಎರಡನ್ನೂ ಇಟ್ಟು ಅಡಿಟಿಪ್ಪಣಿ ಕೊಟ್ಟರೆ ಸಾಕೇ, ಅಥವಾ ‘ಪರಮಾಣು ಬಾಂಬು’ ಎಂದೇ ಬರೆಯಬೇಕೇ?