ಗಂಜ್‌ನ್ಯಾಗ ಎಂಬಿಎ ಸೌದಾ

ಕಲಬುರಗಿ ನೆಹರು ಗಂಜ್, ಭಾನುವಾರ ಸಂಜಿ, ಚಹಾದಂಗಡಿ. ಮೇಜಿನ ಮ್ಯಾಲ ನಾಕು ಕಪ್ ಚಹಾ, ಒಂದು ತಾಟು ಮಿರ್ಚಿ ಭಜಿ, ಅದರ ಕೆಳಗ ಎಣ್ಣಿ ಹೀರಲಾಕ ಹಾಸಿದ ಎಂಬಿಎ ಬ್ರೋಷರ್. ಬ್ರೋಷರ್ ತಂದವ ಶರಣು, ಸಿಮೆಂಟ್ ಫ್ಯಾಕ್ಟರ್‍ಯಾಗ ಮೂರು ಶಿಫ್ಟ್ ನೌಕರಿ. ಬಸಣ್ಣ ದಾಲ್ ಮಿಲ್ ಮುನೀಮ, ಖಾಜಾ ಭಾಯ್ ಟ್ಯಾಕ್ಸ್ ಲೆಕ್ಕದವ, ಮಹಾದೇವಿ ಅಕ್ಕ ಕಾಲೇಜಿನ ಪರೀಕ್ಷಾ ವಿಭಾಗದಾಕಿ.

ಶರಣು: ನೌಕರಿ ಮಾಡ್ಕೋತನೇ ಮನ್ಯಾಗ ಕುಂತು ಎಂಬಿಎ ಮಾಡಬಹುದಂತ, ವಾರಕ್ಕ ಬರೇ ಎರಡು ತಾಸು ಸಾಕಂತ. ಉಳಿದದ್ದು ಅವರೇ ನೋಡ್ಕೋತಾರಂತ.

ಬಸಣ್ಣ: ಅಂದವ ಯಾರು?

ಶರಣು: ಅಡ್ಮಿಶನ್ ಕೌನ್ಸೆಲರ್.

ಬಸಣ್ಣ: ಅಂದ್ರ ಟೈ ಕಟ್ಟಿದ ದಲಾಲ. ಒಂದು ಚೀಲ ತೊಗರಿ ತೊಗೊಳ್ಳಾಕ ಚೀಲ ಚುಚ್ಚಿ, ಕಾಳು ತೆಗದು, ಹಲ್ಲಾಗ ಕಡದು ನೋಡ್ತೀವಿ. ಕಟ್ ಅಂದ್ರ ಒಣಗ್ಯಾದ, ಮೆತ್ತಗಿದ್ರ ಹಸಿ. ನೀ ಫೋನ್‌ನ್ಯಾಗೇ ಸೌದಾ ಮುಗಿಸ್ಲಾಕತ್ತಿ!

ಮಹಾದೇವಿ: ಇದನ್ನ ಕಡಿಯೋದೂ ಹಂಗೇ, ತಮ್ಮಾ. ವಿಶ್ವವಿದ್ಯಾಲಯಗಳ ಮ್ಯಾಲ ನಿಗಾ ಇಡೋ ಯುಜಿಸಿದು ದೂರಶಿಕ್ಷಣ ಬ್ಯೂರೊ ಅದ, ಡಿಇಬಿ ಅಂತಾರ. ಅವರ ವೆಬ್‌ಸೈಟ್‌ನ್ಯಾಗ ಮೂರು ನೋಡು: ವಿಶ್ವವಿದ್ಯಾಲಯ, ಕೋರ್ಸ್, ನೀ ಸೇರೋ ಸೆಷನ್. ಮೂರೂ ಒಂದೇ ಸಾಲಿನ್ಯಾಗ ಸಿಗಬೇಕು. ಬಿ.ಎ.ಗೆ ಮಾನ್ಯತಾ ಇದ್ದು ಎಂಬಿಎಗೆ ಇರಲಿಕ್ಕಿಲ್ಲ. ಆನ್‌ಲೈನ್‌ದು ಬ್ಯಾರೆ, ದೂರಶಿಕ್ಷಣದ್ದು ಬ್ಯಾರೆ.

ಶರಣು: ಸೆಷನ್ ಯಾಕ ಮತ್ತ?

ಮಹಾದೇವಿ: ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ್ದು ನೆನಪಿಲ್ಲೇನು? 2013-14ರಿಂದ ಮಾನ್ಯತಾ ಹೋಯ್ತು, 2018ರಾಗ ತಿರುಗಿ ಸಿಕ್ತು. ಅದೇ ಹೆಸರು, ಅದೇ ಬೋರ್ಡು, ಆದ್ರ ನಡುವಿನ ವರ್ಷದಾಗ ಸೇರಿದವರ ಪಾಡು ಬ್ಯಾರೆ. ಇನ್ನೊಂದು, ಸೇರೋಕಿಂತ ಮೊದಲ ಎಬಿಸಿ ಐಡಿ, ಅಂದ್ರ ನಿನ್ನ ಕ್ರೆಡಿಟ್ ಜಮಾ ಆಗೋ ಸರ್ಕಾರಿ ಖಾತೆ ನಂಬರ್, ಅದರ ಮ್ಯಾಲ ಡಿಇಬಿ ಐಡಿ ಬೇಕು. ನೀನೇ ಮಾಡ್ಕೋ, ಒಟಿಪಿ ಯಾರಿಗೂ ಹೇಳಬ್ಯಾಡ. ಆಧಾರದಾಗ ನಿನ್ನ ಹೆಸರೇನದ?

ಶರಣು: ಶರಣಬಸವ.

ಮಹಾದೇವಿ: ಹತ್ತನೇತ್ತೆ ಮಾರ್ಕ್ಸ್ ಕಾರ್ಡಿನ್ಯಾಗ?

ಶರಣು: ಶರಣಬಸಪ್ಪ.

ಬಸಣ್ಣ: ಇಬ್ಬರಿಗೂ ಸೇರಿ ಒಂದೇ ಎಂಬಿಎ ಕೊಡಂಗಿಲ್ಲ ನೋಡು.

ಮಹಾದೇವಿ: ಮೊದಲ ಅದನ್ನ ಸರಿ ಮಾಡಿಸು. ಡಿಗ್ರಿ ಕೈಗೆ ಬಂದ ಮ್ಯಾಲ ತಿದ್ದಿಸೋದಂದ್ರ ಅಲೆದಾಟ.

ಶರಣು: ಇಷ್ಟೆಲ್ಲ ಬ್ಯಾಡ, ಶನಿವಾರ-ಭಾನುವಾರ ಹೈದರಾಬಾದಿಗೆ ಹೋಗಿ ಕ್ಲಾಸಿನ್ಯಾಗ ಕುಂದ್ರತೀನಿ.

ಬಸಣ್ಣ: ಒಂದು ಕಡಿಗಿ ಸುಮಾರು 220 ಕಿಲೋಮೀಟರ್. ನಾಕು ವಾರಕ್ಕ 1,760. ಡಿಗ್ರಿ ರೈಲ್ವೆಯವರೇ ಕೊಡಬೇಕು.

ಮಹಾದೇವಿ: ಓದೋ ತಾಸು ಲೆಕ್ಕ ಹಾಕು ಮೊದಲ. ದಿಲ್ಲಿಯ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, ಇಗ್ನೊ, ಅವರ ಲೆಕ್ಕದಾಗ ಒಂದು ಕ್ರೆಡಿಟ್ ಅಂದ್ರ 30 ತಾಸು ಓದು. ಕೋರ್ಸ್ 100 ಕ್ರೆಡಿಟ್ ಅಂತ ಹಿಡಿ, 3,000 ತಾಸು. ಎರಡು ವರ್ಷಕ್ಕ 104 ವಾರ. ವಾರಕ್ಕ 29 ತಾಸು ಬಿತ್ತು.

ಶರಣು: ಅದು ಇನ್ನೊಂದು ನೌಕರಿ ಆಯ್ತಲ್ಲ!

ಬಸಣ್ಣ: ಹೌದು, ಪಗಾರ ನೀನೇ ಕೊಡೋ ನೌಕರಿ.

ಮಹಾದೇವಿ: ಅದಕ್ಕೇ ಗರಿಷ್ಠ ಅವಧಿ ಎಷ್ಟು ಅಂತ ಕೇಳಬೇಕು. ಇಗ್ನೊ ಎಂಬಿಎ ಕನಿಷ್ಠ ಎರಡು ವರ್ಷ, ಗರಿಷ್ಠ ನಾಕು. ನಾಕಕ್ಕ ಹರವಿದ್ರ ವಾರಕ್ಕ ಹದಿನಾಲ್ಕೂವರಿ ತಾಸು, ಶಿಫ್ಟ್‌ನವನಿಗೆ ಅದೇ ನಿಭಾಯಿಸೋ ಮಾತು. ಅಲ್ಲಿ ನೂರಕ್ಕ ಅಸೈನ್‌ಮೆಂಟಿಗೆ 30, ಜೂನ್-ಡಿಸೆಂಬರ್ ಪರೀಕ್ಷಾಕ್ಕ 70. ಅಸೈನ್‌ಮೆಂಟ್ ತಾರೀಖು ತಪ್ಪಿದ್ರ ಓದಿದ್ದೂ ಆರು ತಿಂಗಳು ಮುಂದಕ್ಕ. ಬ್ಯಾರೆ ಕಡೆ ಲೈವ್ ಕ್ಲಾಸ್ ಇದ್ರ ಒಂದೇ ಪ್ರಶ್ನೆ ಕೇಳು, ರೆಕಾರ್ಡಿಂಗ್ ನೋಡಿದ್ರ ಹಾಜರಿ ಹಾಕ್ತೀರೇನು? ಕ್ಲಾಸ್ ಸಂಜಿ ಏಳಕ್ಕ, ನಿನ್ನ ಸೆಕೆಂಡ್ ಶಿಫ್ಟ್ ರಾತ್ರಿ ಹತ್ತರ ತನಕ. ಮೂರು ವಾರದಾಗ ಒಂದು ವಾರ ಪೂರಾ ಹೋಯ್ತು.

ಶರಣು: ಪರೀಕ್ಷಾ ಮನ್ಯಾಗ ಕುಂತು ಬರೀಬಹುದಂತ.

ಮಹಾದೇವಿ: ಕ್ಯಾಮೆರಾ ನಿನ್ನ ಮಾರಿ ಕಾಯ್ತಿರ್ತದ. ಹಿಂದ ನಿಮ್ಮವ್ವ ಬಂದು 'ಉಂಡ್ಯೇನೋ' ಅಂದ್ರ ಎರಡನೇ ಮನುಷ್ಯ ಬಂದ ಅಂತ ಗುರುತು ಹಾಕ್ತದ. ಕರೆಂಟ್ ಹೋದ್ರ ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲ ನಡೀತದ, ವೈಫೈ ಡಬ್ಬಿ ನಡಿಯಂಗಿಲ್ಲ. ಅದಕ್ಕೊಂದು ಸಣ್ಣ ಯುಪಿಎಸ್ ಇಟ್ಕೋ.

ಖಾಜಾ: ಈಗ ರೊಕ್ಕದ ಮಾತು ಕೇಳು. ಬ್ರೋಷರ್‌ನ್ಯಾಗ ಹಲಗಿ ಬಡದಂಗ 'ಎಕ್ಸಿಕ್ಯೂಟಿವ್ ಎಂಬಿಎ' ಅಂತದ. ಕೆಳಗ ಇರುವಿ ಸಾಲಿನಂಗ ಏನದ ಓದು.

ಶರಣು: ...ಸರ್ಟಿಫಿಕೇಟ್ ಪ್ರೋಗ್ರಾಂ.

ಖಾಜಾ: ಭಜಿ ಎಣ್ಣಿ ಹತ್ತಿದ್ದಕ್ಕ ಎದ್ದು ಕಾಣ್ಲಾಕತ್ತದ. ಮಾನ್ಯತಾ ಇರೋ ಪದವಿ ಫೀಗೆ ಜಿಎಸ್‌ಟಿ ಇಲ್ಲ, ಇಂಥ ಸರ್ಟಿಫಿಕೇಟಿಗೆ 18 ಪರ್ಸೆಂಟ್ ಅದ. ಬ್ರೋಷರ್ ಏನರೇ ಹೇಳಲಿ, ರಸೀದಿ ಸುಳ್ಳ ಹೇಳಂಗಿಲ್ಲ. ರೊಕ್ಕ ವಿಶ್ವವಿದ್ಯಾಲಯದ ಖಾತೆಗೇ ಹೋಗಬೇಕು, ಯಾವುದೋ ಸೆಂಟರಿನವನ ಫೋನ್‌ಪೇಗಲ್ಲ.

ಶರಣು: ಕಂತು ಕೊಡ್ತಾರ. ಬಡ್ಡಿ ಬರೇ ಹತ್ತು ಪರ್ಸೆಂಟ್.

ಖಾಜಾ: ಫ್ಲಾಟ್ ಹತ್ತು. 1,20,000ಕ್ಕ ಎರಡು ವರ್ಷದ ಬಡ್ಡಿ 24,000, ತಿಂಗಳಿಗೆ 6,000 ಕಂತು. ಅಸಲು ತಿಂಗಳಾ ಇಳೀತದ, ಬಡ್ಡಿ ಮಾತ್ರ ಪೂರಾ ಅಸಲಿನ ಮ್ಯಾಲ. ಬ್ಯಾಂಕಿನಂಗ ಲೆಕ್ಕ ಹಾಕಿದ್ರ 18ರ ಮ್ಯಾಲ ಹೋಗ್ತದ. ನಡುವ ಕೋರ್ಸ್ ಬಿಟ್ಟರೂ ಕಂತು ಬಿಡಂಗಿಲ್ಲ, ಸಾಲ ಕೊಟ್ಟವ ಬ್ಯಾರೆ, ಪಾಠ ಹೇಳೋವ ಬ್ಯಾರೆ. ಶಿಕ್ಷಣ ಸಾಲದ ತೆರಿಗೆ ರಿಯಾಯ್ತಿ ಬಡ್ಡಿಗಷ್ಟೇ, ಎಂಟು ವರ್ಷದ ತನಕ. ನೀ ಹೊಸ ತೆರಿಗೆ ಪದ್ಧತಿ ಹಿಡದಿದ್ರ ಅದೂ ಇಲ್ಲ.

ಅಷ್ಟರಾಗ ಶರಣುವಿನ ಫೋನ್ ಬಾರಿಸ್ತು. ಕೌನ್ಸೆಲರ್. ಖಾಜಾ ಭಾಯ್ ಸ್ಪೀಕರ್ ಹಾಕಿಸಿದ.

ಶರಣು: ಸರ್, ಡಿಗ್ರಿ ಅಂದ್ರಲ್ಲ, ಫೀ ಮ್ಯಾಲ ಜಿಎಸ್‌ಟಿ ಬೀಳ್ತದೇನ್ರಿ?

ಕೌನ್ಸೆಲರ್: ಒಳ್ಳೇ ಪ್ರಶ್ನೆ ಸರ್! ಇವತ್ತು ರಾತ್ರಿ ಹನ್ನೆರಡರೊಳಗೆ ಕಟ್ಟಿಬಿಡಿ, ಆ ಜಿಎಸ್‌ಟಿ ಅಷ್ಟೂ ನಾವೇ ಹಾಕ್ಕೊಳ್ತೀವಿ.

ಬಸಣ್ಣ ಕಡೀ ಭಜಿ ಬಾಯಿಗಿಟ್ಟು, ಬ್ರೋಷರ್ ಎತ್ತಿ ಕೈ ಒರಸಿಕೊಂಡ.