ಮೇಲಿನ ಕೋಣೆಯ ಪಿಎಸ್4ಗೆ ವೈಫೈ ಸರಿಯಾಗಿ ಸಿಗುತ್ತಿಲ್ಲ

ಪ್ರಶ್ನೆ (ಕುಂಜಿಬೆಟ್ಟು, ಉಡುಪಿ):
ಸರ್, ದುಬೈಯಲ್ಲಿರುವ ನನ್ನ ತಮ್ಮ ರಜೆಯಲ್ಲಿ ಬಂದಾಗ ತಾನು ಆಡುತ್ತಿದ್ದ ಪಿಎಸ್4 (ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 4 ಗೇಮ್ ಮೆಷಿನ್) ಅನ್ನು ಮಗನಿಗೆ ಕೊಟ್ಟು ಹೋಗಿದ್ದಾನೆ. ನಮ್ಮದು ಹಳೆಯ ಮುರಕಲ್ಲಿನ ಮನೆ. ರೂಟರ್ ಕೆಳಗೆ ಚಾವಡಿಯಲ್ಲಿ, ಮಗನ ಟಿವಿ ಮೇಲಿನ ಕೋಣೆಯಲ್ಲಿ. ಫೋನಿನಲ್ಲಿ ವೈಫೈಗೆ ಎರಡು ಹೆಸರು ಕಾಣುತ್ತದೆ, ಒಂದರ ಕೊನೆಗೆ 5ಜಿ ಅಂತ ಉಂಟು. ಪಿಎಸ್4ನಲ್ಲಿ ಆ 5ಜಿ ಹೆಸರು ಬರುವುದೇ ಇಲ್ಲ. ಇನ್ನೊಂದಕ್ಕೆ ಸೇರಿಸಿದರೆ ಆಟದ ಮಧ್ಯೆ ಕಟ್ ಆಗುತ್ತದೆ. ಮೆಷಿನ್ ಹಾಳಾಗಿದೆಯಾ? ಮಗ ಹೊಸದೇ ಬೇಕು ಅಂತ ಹಟ ಹಿಡಿದಿದ್ದಾನೆ.

ಉತ್ತರ (ನೆಟ್‌ವರ್ಕ್ ಟೆಕ್ನಿಶಿಯನ್, ಮಂಗಳೂರು):
ಅಕ್ಕ, ಹೊಸದಕ್ಕೆ ದುಡ್ಡು ಹಾಕುವ ಮೊದಲು ಮೆಷಿನ್ ಮೇಲಿನ ಲೇಬಲ್ ನೋಡಿ. ಸಿಯುಎಚ್ ಅಂತ ಇದ್ದು, ಮುಂದೆ ನಾಲ್ಕು ಅಂಕೆ ಇರುತ್ತದೆ. ಅದು 10, 11 ಅಥವಾ 12ರಿಂದ ಶುರುವಾದರೆ 2013ರಲ್ಲಿ ಬಂದ ಮೊದಲ ಮಾದರಿ. ಅದಕ್ಕೆ 2.4 ಗಿಗಾಹರ್ಟ್ಸ್ (ವೈಫೈ ಅಲೆಗಳ ಒಂದು ಪಟ್ಟಿ) ವೈಫೈ ಮಾತ್ರ ಗೊತ್ತು. ನಿಮ್ಮ ರೂಟರಿನ 5ಜಿ ಹೆಸರು ಅಂದರೆ 5 ಗಿಗಾಹರ್ಟ್ಸ್, ಅದು ಈ ಮೆಷಿನ್‌ಗೆ ಕಾಣುವುದೇ ಇಲ್ಲ. 2016ರಲ್ಲಿ ಬಂದ ಸ್ಲಿಮ್ ಮತ್ತು ಪ್ರೊ ಮಾದರಿಗಳು 2.4, 5 ಎರಡನ್ನೂ ಹಿಡಿಯುತ್ತವೆ. ಹಾಗಾಗಿ ಹಾಳಾಗಿಲ್ಲ, ಹೆದರಬೇಡಿ.

ಕಟ್ ಆಗುವುದಕ್ಕೆ ನನ್ನ ಅನುಮಾನ ನಿಮ್ಮ ಗೋಡೆಯ ಮೇಲೆ. ಮುರಕಲ್ಲಿನ ಗೋಡೆ ದಪ್ಪ. ಮಳೆಗಾಲದಲ್ಲಿ ನೀರು ಕುಡಿದರೆ ಸಿಗ್ನಲ್ ಇನ್ನೂ ಜಾಸ್ತಿ ತಿನ್ನುತ್ತದೆ. ಅದರ ಮೇಲೆ ಸ್ಲ್ಯಾಬ್ ಬೇರೆ, ಒಳಗೆ ಕಬ್ಬಿಣ. 5 ಗಿಗಾಹರ್ಟ್ಸ್ ಗೋಡೆ ದಾಟುವುದು ಇನ್ನೂ ಕಷ್ಟ. ಅಂದರೆ ಹೊಸ ಮೆಷಿನ್ ತಂದರೂ ಮೇಲಿನ ಕೋಣೆಯಲ್ಲಿ ಇದೇ ಕಥೆ ಆಗಬಹುದು.

ರೂಟರ್ ಎಲ್ಲಿ ಇಟ್ಟಿದ್ದಾರೆ ನೋಡಿ. ಕೇಬಲ್ ಮನೆಯೊಳಗೆ ಬಂದ ಮೂಲೆಯಲ್ಲೇ, ಕಬ್ಬಿಣದ ಕಪಾಟಿನ ಹಿಂದೆ ಮೊಳೆ ಹೊಡೆದು ಹೋಗುವವರು ಬಹಳ. ನನಗೆ ಇದು ಸರಿ ಕಾಣುವುದಿಲ್ಲ. ಸ್ವಲ್ಪ ಜಾಸ್ತಿ ಕೇಬಲ್ ಎಳೆದು ಮೆಟ್ಟಿಲಿನ ಹತ್ತಿರ ಎತ್ತರದಲ್ಲಿ ಇಟ್ಟರೆ ಸಿಗ್ನಲ್ ಮೆಟ್ಟಿಲಿನ ಸಂದಿಯಿಂದಲೇ ಮೇಲೆ ಹೋಗುತ್ತದೆ. ಫೈಬರ್ ಕೇಬಲ್ ಮಾತ್ರ ನೀವೇ ಮಡಚಬೇಡಿ, ಒಳಗಿರುವುದು ಗಾಜಿನ ಎಳೆ. ರೂಟರಿನ 2.4 ಸೆಟ್ಟಿಂಗಿನಲ್ಲಿ ಚಾನೆಲ್ (ಸಿಗ್ನಲ್ ಹೋಗುವ ದಾರಿ) 1, 6, 11ರಲ್ಲಿ ಯಾವುದು ಖಾಲಿ ಉಂಟೋ ಅದನ್ನು ಹಾಕಿ, ಚಾನೆಲಿನ ಅಗಲ 20 ಮೆಗಾಹರ್ಟ್ಸ್ ಇರಲಿ.

ಆಮೇಲೆ ಪಿಎಸ್4ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಸೆಟ್ ಅಪ್ ಇಂಟರ್ನೆಟ್ ಕನೆಕ್ಷನ್, ಯೂಸ್ ವೈಫೈ, ಈಜಿ. ಹೆಸರು ಆರಿಸಿ ಪಾಸ್‌ವರ್ಡ್ ಹಾಕಿ, ಅಷ್ಟೇ.

ನನ್ನನ್ನು ಕೇಳಿದರೆ ರೂಟರಿನಿಂದ ಪಿಎಸ್4ಗೆ ನೇರವಾಗಿ ಲ್ಯಾನ್ ಕೇಬಲ್ ಎಳೆಯುವುದೇ ಒಳ್ಳೆಯದು. ಕ್ಯಾಟ್ 6 ಅನ್ನುವ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ. ಕೇಸಿಂಗ್ ಪಟ್ಟಿಯೊಳಗೆ ಮೆಟ್ಟಿಲ ಪಕ್ಕದಿಂದ ತೆಗೆದುಕೊಂಡು ಹೋದರೆ ಗೋಡೆಯ ತಾಪತ್ರಯವೇ ಇಲ್ಲ.

ಅದೇ ಅಕ್ಕ:
ಲೇಬಲ್‌ನಲ್ಲಿ 11ರಿಂದ ಶುರು ಆಗುತ್ತದೆ ಸರ್. ರೂಟರ್ ಮೆಟ್ಟಿಲ ಹತ್ತಿರ ಹಾಕಿಸಿದೆವು, ಈಗ ಕಟ್ ಆಗುತ್ತಿಲ್ಲ! ಆದರೆ ಟೆಸ್ಟ್ ಮಾಡಿದರೆ ನ್ಯಾಟ್ ಟೈಪ್ 3 ಅಂತ ಬರುತ್ತದೆ. ಗೆಳೆಯರ ಮಾತು ಕೇಳಿಸುವುದಿಲ್ಲವಂತೆ.

ಉತ್ತರ:
ಖುಷಿ ಆಯ್ತು. ನ್ಯಾಟ್ ಟೈಪ್ 3 ಅಂದರೆ ಹೊರಗಿನಿಂದ ಬರುವ ಸಂಪರ್ಕಕ್ಕೆ ಎಲ್ಲೋ ತಡೆ ಉಂಟು ಅಂತ. ಇಂಟರ್ನೆಟ್ ಕಂಪನಿಯ ಡಬ್ಬಿಯ ಹಿಂದೆ ನಿಮ್ಮದೇ ಇನ್ನೊಂದು ರೂಟರ್ ಉಂಟಾ? ಇದ್ದರೆ ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ವೈಫೈ ಹಂಚುವ ಕೆಲಸ ಮಾತ್ರ) ಹಾಕಿ. ಇಲ್ಲದಿದ್ದರೆ ರೂಟರಿನಲ್ಲಿ ಯುಪಿಎನ್‌ಪಿ (ಆಟಕ್ಕೆ ಬೇಕಾದ ದಾರಿಯನ್ನು ತಾನೇ ತೆರೆಯುವ ಸೆಟ್ಟಿಂಗ್) ಆನ್ ಮಾಡಿ ನೋಡಿ. ಆಗಲೂ 3 ಅಂತಲೇ ಬಂದರೆ ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಕಂಪನಿ ರೂಟರಿಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರೊಳಗೆ ಶುರುವಾದರೆ, ಒಂದೇ ಹೊರಗಿನ ವಿಳಾಸವನ್ನು ಕಂಪನಿಯವರು ಹಲವು ಮನೆಗಳಿಗೆ ಹಂಚಿದ್ದಾರೆ ಅಂತ ಅರ್ಥ. ಅದಕ್ಕೆ ಮನೆಯಲ್ಲಿ ಕೂತು ಏನೂ ಮಾಡಲಾಗದು. ಕಂಪನಿಗೆ ಫೋನ್ ಮಾಡಿ ಪಬ್ಲಿಕ್ ಐಪಿ (ನಿಮ್ಮ ಮನೆಗೇ ಬೇರೆ ಹೊರಗಿನ ವಿಳಾಸ) ಕೊಡುತ್ತೀರಾ ಅಂತ ಕೇಳಿ.

ಇನ್ನೊಬ್ಬರು (ಸುರತ್ಕಲ್):
ಅಣ್ಣ, ನನ್ನದೂ ಪಿಎಸ್4. ಹೊಸ ರೂಟರ್ ಹಾಕಿದ ಮೇಲೆ ಪಾಸ್‌ವರ್ಡ್ ಸರಿ ಇದ್ದರೂ ಸೇರುತ್ತಿಲ್ಲ.

ಉತ್ತರ:
ರೂಟರಿನಲ್ಲಿ ಸೆಕ್ಯೂರಿಟಿ ಡಬ್ಲ್ಯೂಪಿಎ3 (ವೈಫೈ ಬೀಗದ ಹೊಸ ವಿಧಾನ) ಮಾತ್ರ ಅಂತ ಇರಬೇಕು ಮಾರಾಯ್ರೆ, ಪಿಎಸ್4ಗೆ ಅದು ಗೊತ್ತಿಲ್ಲ. ಹಳೆಯ ಡಬ್ಲ್ಯೂಪಿಎ2ಗೆ ಬದಲಿಸಿ, ಸೇರುತ್ತದೆ.

ಅದೇ ಅಕ್ಕ:
ಕೊನೆಯದು ಸರ್. ಗುಡುಗು ಬರುವಾಗ ರೂಟರ್ ಪ್ಲಗ್ ತೆಗೆದರೆ ಸಾಕಲ್ವಾ?

ಉತ್ತರ:
ಸಾಲದು ಅಕ್ಕ. ನಮ್ಮ ಕಡೆ ಏಪ್ರಿಲ್-ಮೇ ಮತ್ತು ಅಕ್ಟೋಬರ್ ಸಂಜೆಯ ಸಿಡಿಲು ಗೊತ್ತಲ್ವಾ? ಲ್ಯಾನ್ ಕೇಬಲ್ ಒಳಗೆ ತಾಮ್ರ, ಅದರಲ್ಲೂ ಕರೆಂಟ್ ಹರಿದು ಪೋರ್ಟ್ ಸುಡಬಹುದು. ಕೇಬಲ್ ಎಳೆಸಿದರೆ ಅದನ್ನೂ ಪಿಎಸ್4ನಿಂದ ಕಳಚಿ, ಟಿವಿ ಪ್ಲಗ್ಗೂ ತೆಗೆಯಿರಿ. ಪಿಎಸ್4ನಲ್ಲಿ ಕಿತ್ತಳೆ ಬಣ್ಣದ ಲೈಟ್ ಉರಿಯುತ್ತಿದ್ದರೆ ಅದು ಪೂರ್ತಿ ಆಫ್ ಆಗಿಲ್ಲ. ಮೊದಲು ಆಫ್ ಮಾಡಿ, ಲೈಟ್ ಹೋದ ಮೇಲೆಯೇ ಪ್ಲಗ್ ತೆಗೆಯಲು ಮಗನಿಗೆ ಹೇಳಿ. ಮೋಡ ಕಟ್ಟುವಾಗಲೇ ತೆಗೆಯಬೇಕು. ಗುಡುಗು ತಲೆ ಮೇಲೆ ಬಂದ ಮೇಲೆ ವಯರ್ ಮುಟ್ಟುವುದು ಬೇಡ.